ತಿತ್ತಿಯೊಳಗಿನ ಬೆನ್ನು

ನೇಪಲ್ಸ್ ಕೊಲ್ಲಿಯಲ್ಲಿ ಬಲೆ ಎಳೆದರೆ ಮೀನಿನ ಜೊತೆಗೆ ಬೇಡದ್ದೂ ಬರುತ್ತದೆ. ಅದರಲ್ಲೊಂದು, ಕಲ್ಲಿಗೋ ಹಳೆಯ ಹಗ್ಗಕ್ಕೋ ದೋಣಿಯ ತಳಕ್ಕೋ ಅಂಟಿಕೊಂಡು ಬೆಳೆಯುವ ಲೋಳೆಲೋಳೆ ಚೀಲ. ತಲೆಯಿಲ್ಲ, ಕಣ್ಣಿಲ್ಲ, ಕೈಕಾಲಿನ ಮಾತೇ ಇಲ್ಲ. ಎರಡು ತೂತು ಮಾತ್ರ ಇವೆ. ಒಂದರಿಂದ ನೀರು ಒಳಗೆ ಹೋಗುತ್ತದೆ, ಇನ್ನೊಂದರಿಂದ ಹೊರಗೆ ಬರುತ್ತದೆ. ಹಿಂಡಿದರೆ ಹೋಳಿಯ ಪಿಚಕಾರಿಯ ಹಾಗೆ ಚಿರ್ರನೆ ಮುಖಕ್ಕೇ ಹಾರಿಸುತ್ತದೆ. ಇದರ ಹೆಸರು ಅಸಿಡಿಯನ್. ಗ್ರೀಕ್ ಭಾಷೆಯಲ್ಲಿ ಆ ಪದದ ಬೇರಿಗೆ ತೊಗಲಿನ ಪುಟ್ಟ ಚೀಲ ಎಂಬ ಅರ್ಥವಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ತಿತ್ತಿ.

1864ರಲ್ಲಿ ರಷ್ಯಾದಿಂದ ಒಬ್ಬ ಹುಡುಗ ಈ ಕೊಲ್ಲಿಗೆ ಬಂದ. ಅಲೆಕ್ಸಾಂಡರ್ ಕೊವಲೆವ್‌ಸ್ಕಿ. ವಯಸ್ಸು ಇನ್ನೂ 24 ತುಂಬಿರಲಿಲ್ಲ. ಮುಂದೆ ಪ್ರಪಂಚದ ಪ್ರಾಣಿಶಾಸ್ತ್ರಜ್ಞರೆಲ್ಲ ಬಂದು ಕೂರುವ ನೇಪಲ್ಸಿನ ಸಂಶೋಧನಾ ಕೇಂದ್ರ ಆಗಿನ್ನೂ ಹುಟ್ಟಿರಲಿಲ್ಲ; ಆಂಟನ್ ಡೋರ್ನ್ ಅದನ್ನು ಕಟ್ಟಿಸಲು ಇನ್ನೂ ಎಂಟು ವರ್ಷ ಬೇಕಿತ್ತು. ಪ್ರಯೋಗಾಲಯ ಇಲ್ಲದ ಊರಿನಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು ಕೂತ ಈ ಹುಡುಗನಿಗೆ ಬೇಕಿದ್ದದ್ದು ತಿತ್ತಿಯಲ್ಲ, ತಿತ್ತಿಯ ಮೊಟ್ಟೆ.

ಮೊಟ್ಟೆ ಯಾಕೆ ಬೇಕಾಯಿತು ಎನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಗ ಪ್ರಾಣಿಲೋಕದ ನಟ್ಟನಡುವೆ ಒಂದು ಗೋಡೆ ಇತ್ತು. ಅದನ್ನು ಎಬ್ಬಿಸಿದವನು ಫ್ರಾನ್ಸಿನ ಲಮಾರ್ಕ್. ಬೆನ್ನುಮೂಳೆ ಇರುವವು ಈಚೆ, ಇಲ್ಲದವು ಆಚೆ. ಕಶೇರುಕ, ಅಕಶೇರುಕ ಎಂದು ನಾವು ಇವತ್ತಿಗೂ ಶಾಲೆಯಲ್ಲಿ ಉರು ಹೊಡೆಯುವುದು ಅದನ್ನೇ. ಪ್ಯಾರಿಸಿನಲ್ಲೇ ಇದ್ದ ಕುವಿಯೆ 1812ರಲ್ಲಿ ಆ ಗೋಡೆಗೆ ಇನ್ನೂ ಗಟ್ಟಿ ಗಾರೆ ಮೆತ್ತಿದ. ಅವನ ಲೆಕ್ಕದಲ್ಲಿ ಪ್ರಾಣಿಗಳದು ನಾಲ್ಕು ವಿನ್ಯಾಸ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ, ಸೇತುವೆ ಹುಡುಕುವುದೇ ದಂಡ. ಮೈ ಮೆತ್ತಗಿದೆ, ನೀರು ಸೋಸಿ ತಿನ್ನುತ್ತದೆ ಎಂಬ ಕಾರಣಕ್ಕೆ ಅವನ ಪುಸ್ತಕದಲ್ಲಿ ಅಸಿಡಿಯನ್ ಚಿಪ್ಪಿಲ್ಲದ ಮೃದ್ವಂಗಿಯಾಗಿ ಕಪ್ಪೆಚಿಪ್ಪಿನ ಬಳಗದಲ್ಲಿ ಕೂತಿತು. 1816ರಲ್ಲಿ ಲಮಾರ್ಕ್ ಅದಕ್ಕೆ ಪ್ರತ್ಯೇಕ ಗುಂಪು ಮಾಡಿ ಟ್ಯೂನಿಕೇಟಾ, ಅಂದರೆ ನಿಲುವಂಗಿ ತೊಟ್ಟವು, ಎಂದು ಕರೆದ. ಹೆಸರು ಬದಲಾಯಿತೇ ಹೊರತು ಅದು ಗೋಡೆಯ ಆಚೆಯೇ ಉಳಿಯಿತು.

ಬೆಳೆದ ಮೈಯನ್ನು ನೋಡಿ ಕುಲ ಹೇಳುವುದು ಎಷ್ಟು ಅಪಾಯ ಎಂಬುದಕ್ಕೆ ಎಚ್ಚರಿಕೆ ಆಗಲೇ ಸಿಕ್ಕಿತ್ತು. ಬಂಡೆಗೆ ಮೆತ್ತಿಕೊಂಡು ಕಾಲಿಗೆ ಚುಚ್ಚುವ ಬಾರ್ನಕಲ್ ಕೂಡ ಮೃದ್ವಂಗಿ ಎಂದೇ ಹೆಚ್ಚಿನವರು ನಂಬಿದ್ದರು. 1830ರಲ್ಲಿ ಜಾನ್ ವಾನ್ ಥಾಂಪ್ಸನ್ ಅದರ ಮರಿಗಳನ್ನು ಸಾಕಿ ನೋಡಿದರೆ ಅವು ಸಿಗಡಿ ಮರಿಗಳ ಹಾಗೆ ಕಾಲು ಬಡಿಯುತ್ತ ಈಜುತ್ತಿದ್ದವು. ರಾತ್ರೋರಾತ್ರಿ ಬಾರ್ನಕಲ್ ಸಿಗಡಿ, ಏಡಿಗಳ ಮನೆಗೆ ಸೇರಿತು. ತಿತ್ತಿಯ ವಿಷಯದಲ್ಲೂ ಇಂಥ ಸುಳಿವು ಇತ್ತು. ಅದರ ಮರಿಗೆ ಬಾಲ ಇದೆ, ಗೊದಮೊಟ್ಟೆಯ ಹಾಗೆ ಈಜುತ್ತದೆ ಎಂದು ಕೆಲವರು ಬರೆದಿಟ್ಟಿದ್ದರು. ಬೀಗಲ್ ಹಡಗಿನಲ್ಲಿ ಹೊರಟಿದ್ದ ಯುವಕ ಡಾರ್ವಿನ್ ಕೂಡ 1833ರ ಏಪ್ರಿಲಿನಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಅದನ್ನು ನೋಡಿ ಚಿತ್ರ ಬರೆದುಕೊಂಡಿದ್ದ. ತಲೆಗಿಂತ ಐದು ಪಟ್ಟು ಉದ್ದದ ಬಾಲ, ಬಾಲದೊಳಗೆ ಅಡ್ಡಡ್ಡ ಗೆರೆಗಳು. ಗೆರೆ ಬರೆದುಕೊಂಡ, ಮುಂದಕ್ಕೆ ಹೋದ. ಆ ಬಾಲದೊಳಗೆ ಏನಿದೆ ಎಂದು ಕೇಳಬೇಕೆಂದು ಅವನಿಗೂ ಹೊಳೆಯಲಿಲ್ಲ.

ಇನ್ನೊಂದು ಸುಳಿವು ಕೋಳಿಮೊಟ್ಟೆಯಲ್ಲಿತ್ತು. ಎಸ್ಟೋನಿಯಾದಲ್ಲಿ ಹುಟ್ಟಿದ ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ ಕಾವಿಗಿಟ್ಟ ಕೋಳಿಮೊಟ್ಟೆಗಳನ್ನು ದಿನದಿನಕ್ಕೂ ಒಡೆದು ನೋಡಿ 1828ರಲ್ಲಿ ಒಂದು ದೊಡ್ಡ ಪುಸ್ತಕ ಹೊರತಂದ. ಬೆನ್ನುಮೂಳೆ ಮೂಡುವುದಕ್ಕೆ ಎಷ್ಟೋ ಮುಂಚೆ ಭ್ರೂಣದ ಬೆನ್ನಿನುದ್ದಕ್ಕೂ ಒಂದು ತೆಳ್ಳನೆಯ ಬಳುಕುವ ಕೋಲು ಕಾಣುತ್ತದೆ ಎಂದು ಅದರಲ್ಲಿ ಬರೆದ. ಅದಕ್ಕೆ ಅವನಿಟ್ಟ ಹೆಸರಿಗೆ ಬೆನ್ನಿನ ತಂತಿ ಎಂದು ಅರ್ಥ. ಗ್ರೀಕರು ವಾದ್ಯಕ್ಕೆ ಬಿಗಿಯುತ್ತಿದ್ದ ಕರುಳಿನ ತಂತಿಯ ಹೆಸರೇ ಅದು. ಇವತ್ತು ನಾವು ನೋಟೋಕಾರ್ಡ್ ಎನ್ನುವುದು ಇದನ್ನೇ. ಅದೇ ಪುಸ್ತಕದಲ್ಲಿ ಬೇರ್ ಒಂದು ಪ್ರಾಮಾಣಿಕ ತಪ್ಪೊಪ್ಪಿಗೆಯನ್ನೂ ಮಾಡಿದ್ದಾನೆ. ಸ್ಪಿರಿಟ್ಟಿನಲ್ಲಿಟ್ಟ ಎರಡು ಪುಟ್ಟ ಭ್ರೂಣಗಳಿಗೆ ಚೀಟಿ ಅಂಟಿಸಲು ಅವನು ಮರೆತುಬಿಟ್ಟಿದ್ದ. ಆಮೇಲೆ ನೋಡಿದರೆ ಅವು ಹಲ್ಲಿಯವೋ ಹಕ್ಕಿಯವೋ ಸಸ್ತನಿಯವೋ ಹೇಳಲು ಅವನಿಗೇ ಬರಲಿಲ್ಲವಂತೆ. ಮರೆತ ಆ ಚೀಟಿ ಅವನ ಒಂದು ನಿಯಮಕ್ಕೆ ಉದಾಹರಣೆಯಾಯಿತು: ಒಂದು ಬಳಗದ ಪ್ರಾಣಿಗಳಲ್ಲಿ ಮೊದಲು ಮೂಡುವುದು ಬಳಗಕ್ಕೆಲ್ಲ ಸಾಮಾನ್ಯವಾದ ಗುಣ, ಒಂದೊಂದರ ವಿಶೇಷ ಆಮೇಲೆ.

ಇನ್ನು ಮೂರನೆಯದು, ಹೆಸರಿಟ್ಟವರನ್ನೆಲ್ಲ ಸತಾಯಿಸಿದ ಒಂದು ಚಿಕ್ಕ ಪ್ರಾಣಿ. ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಿಂದ ಹೋದ ಅದರ ಸತ್ತ ಮೈಯನ್ನು ನೋಡಿ 1774ರಲ್ಲಿ ಪೀಟರ್ ಪಲ್ಲಾಸ್ ಇದು ಚಿಪ್ಪಿಲ್ಲದ ಬಸವನಹುಳು ಇರಬೇಕೆಂದ. 1834ರಲ್ಲಿ ನೇಪಲ್ಸಿನ ಕೋಸ್ಟಾ ಅದನ್ನು ಜೀವಂತವಾಗಿ ಮರಳಿನಲ್ಲಿ ನೋಡಿ, ಇದು ಹುಳುವಲ್ಲ, ಮೀನಿಗೆ ಹತ್ತಿರದ್ದು ಎಂದ. ಆದರೆ ಬಾಯಿಯ ಸುತ್ತ ಇರುವ ಮೀಸೆಗಳನ್ನೇ ಕಿವಿರೆಂದು ತಿಳಿದು ಬ್ರಾಂಕಿಯೋಸ್ಟೋಮಾ, ಅಂದರೆ ಕಿವಿರುಬಾಯಿ, ಎಂದು ಕರೆದುಬಿಟ್ಟ. ತಪ್ಪು ತಿಳಿದು ಇಟ್ಟ ಆ ಹೆಸರೇ ಶಾಸ್ತ್ರದಲ್ಲಿ ಇವತ್ತಿಗೂ ಉಳಿದಿದೆ. ಎರಡು ವರ್ಷ ಬಿಟ್ಟು ಇಂಗ್ಲೆಂಡಿನ ಯಾರೆಲ್ ಅದಕ್ಕೆ ಆಂಫಿಯಾಕ್ಸಸ್ ಎಂದ, ಎರಡೂ ಕಡೆ ಚೂಪಾದದ್ದು ಎಂದರ್ಥ. ತಲೆಬುರುಡೆ ಇಲ್ಲ, ದವಡೆ ಇಲ್ಲ, ರಕ್ತಕ್ಕೆ ಬಣ್ಣವೂ ಇಲ್ಲ. ಚೀನಾದ ಷಿಯಾಮೆನ್ ಕಡೆಯ ಬೆಸ್ತರಿಗೆ ಈ ಜಗಳ ಯಾವುದೂ ಇರಲಿಲ್ಲ, ಅವರು ಇದನ್ನು ಹಿಡಿದು ತಿನ್ನುತ್ತಿದ್ದರು. ಬೆರಳಿನಷ್ಟು ಉದ್ದದ ಈ ಪಾರದರ್ಶಕ ಮೈಯೊಳಗೆ ಬಾಲದಿಂದ ಮೂತಿಯ ತುದಿಯವರೆಗೂ ಬೇರ್ ಹೇಳಿದ ಅದೇ ಕೋಲು. ಮೂಳೆ ಆಗುವ ಯೋಚನೆಯೇ ಇಲ್ಲದೆ, ಬದುಕಿರುವಷ್ಟು ದಿನವೂ ಹಾಗೇ.

ಕೊವಲೆವ್‌ಸ್ಕಿ ನೇಪಲ್ಸಿನಲ್ಲಿ ಮೊದಲು ಕೈ ಹಾಕಿದ್ದು ಈ ಆಂಫಿಯಾಕ್ಸಸ್ಸಿನ ಮೊಟ್ಟೆಗೇ. 1865ರಲ್ಲಿ ಅವನ ಸ್ನಾತಕೋತ್ತರ ಪ್ರಬಂಧವೂ ಅದರ ಮೇಲೆ. ಅದರ ಜೊತೆಜೊತೆಗೆ ಯಾರೂ ಹೇಳದೆ ತಿತ್ತಿಯ ಮೊಟ್ಟೆಯನ್ನೂ ಗಾಜಿನ ಮೇಲೆ ಇಟ್ಟ.

ಆ ಮೊಟ್ಟೆಯಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡೋಣ. ಫಲಿತ ಮೊಟ್ಟೆ ಎರಡಾಗುತ್ತದೆ, ನಾಲ್ಕಾಗುತ್ತದೆ, ಎಂಟಾಗುತ್ತದೆ. ಸ್ವಲ್ಪ ಹೊತ್ತಿಗೆ ಕೋಶಗಳ ಒಂದು ಚೆಂಡು. ಗಾಳಿ ಕಡಿಮೆಯಾದ ಚೆಂಡನ್ನು ಹೆಬ್ಬೆರಳಿನಿಂದ ಒತ್ತಿದರೆ ಒಂದು ಕಡೆ ಬಟ್ಟಲಿನ ಹಾಗೆ ಒಳಗೆ ಕುಸಿಯುತ್ತದಲ್ಲ, ಹಾಗೆ ಈ ಚೆಂಡೂ ಒಳಗೆ ಮಡಚಿಕೊಳ್ಳುತ್ತದೆ. ಇಲ್ಲಿವರೆಗೆ ಅಚ್ಚರಿ ಏನೂ ಇಲ್ಲ. ಆಮೇಲೆ ಬೆನ್ನಿನ ಕಡೆ ಒಂದು ಚಪ್ಪಟೆ ಪಟ್ಟಿ ಕಾಣುತ್ತದೆ. ಪಟ್ಟಿಯ ಎರಡೂ ಅಂಚು ಮೇಲೇಳುತ್ತವೆ, ಒಂದನ್ನೊಂದು ಹುಡುಕಿಕೊಂಡು ಬಾಗಿ ಕೂಡುತ್ತವೆ, ಪಟ್ಟಿ ಕೊಳವೆಯಾಗುತ್ತದೆ. ಅದು ನರಹುರಿ. ಕೋಳಿಮರಿಯಲ್ಲೂ ನಮ್ಮಲ್ಲೂ ಮೆದುಳು, ಬೆನ್ನುಹುರಿ ಹುಟ್ಟುವುದು ಸರಿಯಾಗಿ ಹೀಗೆಯೇ, ಬೆನ್ನಿನ ಕಡೆ, ಟೊಳ್ಳು ಕೊಳವೆಯಾಗಿ. ಎರೆಹುಳುವಿನಲ್ಲೋ ಸಿಗಡಿಯಲ್ಲೋ ನರದ ಹುರಿ ಹೊಟ್ಟೆಯ ಕಡೆ ಇರುತ್ತದೆ, ಅದು ಟೊಳ್ಳೂ ಅಲ್ಲ.

ಕೊಳವೆಯ ಕೆಳಗೆ ಇನ್ನೊಂದು ಕೆಲಸ ನಡೆದಿರುತ್ತದೆ. ಅಸ್ತವ್ಯಸ್ತವಾಗಿ ಬಿದ್ದ ಕೋಶಗಳು ಒಂದರ ನಡುವೆ ಒಂದು ತೂರಿ ಒಂದೇ ಸಾಲಾಗಿ, ನಾಣ್ಯ ಪೇರಿಸಿದ ಹಾಗೆ ನಿಲ್ಲುತ್ತವೆ. ಸಿಯೋನಾ ಎಂಬ ಅಸಿಡಿಯನ್ನಿನಲ್ಲಿ ಇವತ್ತಿನವರು ಎಣಿಸಿದ್ದಾರೆ, ಸರಿಯಾಗಿ 40. ಡಾರ್ವಿನ್ ಬರೆದುಕೊಂಡ ಅಡ್ಡಗೆರೆಗಳು ಇವೇ. ಸಾಲು ಉದ್ದವಾಗಿ ಬಾಲದೊಳಕ್ಕೆ ಹೊರಡುತ್ತದೆ. ಎರಡೂ ಪಕ್ಕದಲ್ಲಿ ಸ್ನಾಯು. ಸ್ನಾಯು ಎಳೆದಾಗ ಈ ಕೋಲು ಕುಗ್ಗುವುದಿಲ್ಲ, ಬಾಗುತ್ತದೆ. ನೀರು ತುಂಬಿ ಬಿಗಿದ ಸೈಕಲ್ ಟ್ಯೂಬು ಬಾಗುವ ಹಾಗೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಅಷ್ಟಾದರೆ ಈಜು ಬಂದಂತೆ.

ಕೊವಲೆವ್‌ಸ್ಕಿ ಎರಡು ಮೊಟ್ಟೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಮೀನಿನ ಹಾಗಿರುವ ಆಂಫಿಯಾಕ್ಸಸ್ಸಿನಲ್ಲಿ ನಡೆದದ್ದೇ ಲೋಳೆ ಚೀಲದ ಮರಿಯಲ್ಲೂ ನಡೆಯುತ್ತಿತ್ತು. ಅದೇ ಕುಸಿತ, ಅದೇ ಕೊಳವೆ, ಅದೇ ಕೋಲು. 1866ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯ ಸಂಪುಟದಲ್ಲಿ ಅವನ ಪ್ರಬಂಧ ಜರ್ಮನ್ ಭಾಷೆಯಲ್ಲಿ ಅಚ್ಚಾಯಿತು. ಗಲಾಟೆಯಿಲ್ಲದ, ಸಂಕೋಚದ ಬರವಣಿಗೆ. ಕುವಿಯೆ ಮೆತ್ತಿದ ಗಾರೆ ಅಲ್ಲಿಗೆ ಉದುರಲು ಶುರುವಾಯಿತು.

ಮರಿಯ ಮುಂದಿನ ಕತೆಯನ್ನು ಪ್ರಾಣಿಶಾಸ್ತ್ರ ಓದಿದವರು ಬಲ್ಲರು. ನಮ್ಮ ದೇಶದ ಬಿಎಸ್ಸಿ ತರಗತಿಗಳಲ್ಲಿ ಇದಕ್ಕೆ ಉದಾಹರಣೆ ಹರ್ಡ್‌ಮಾನಿಯಾ, ನಮ್ಮ ಕಡಲುಗಳಲ್ಲೇ ಸಿಗುವ ತಿತ್ತಿ. ಮರಿ ಏನನ್ನೂ ತಿನ್ನುವುದಿಲ್ಲ. ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ ಈಜಿ, ತಲೆಕೆಳಗಾಗಿ ಒಂದು ಕಲ್ಲಿಗೆ ಮೂತಿ ಒತ್ತಿ ಅಂಟಿಕೊಳ್ಳುತ್ತದೆ. ಬಾಲ ಒಳಕ್ಕೆ ಸೇದಿ ಹೋಗುತ್ತದೆ, ನೋಟೋಕಾರ್ಡ್ ಕರಗುತ್ತದೆ, ನರಹುರಿ ಮಾಯವಾಗಿ ಒಂದು ಪುಟ್ಟ ಗಂಟು ಉಳಿಯುತ್ತದೆ. ಬೆಳಕು ಕಾಣಲು ಇದ್ದ ಚುಕ್ಕೆಯೂ ಹೋಗುತ್ತದೆ. ಪರೀಕ್ಷೆಯಲ್ಲಿ ಇದಕ್ಕೆ ಹಿನ್ನಡೆಯ ರೂಪಾಂತರ ಎಂದು ಬರೆದರೆ ಅಂಕ ಗ್ಯಾರಂಟಿ. ನನಗೆ ಆ ಪದದ ಮೇಲೆ ತಕರಾರಿದೆ. ಬಾಲ ಕಳಚಿದ ಮೇಲೆ ಅದು ಜಾಲರಿಯಂಥ ದೊಡ್ಡ ಗಂಟಲು ಕಟ್ಟಿಕೊಳ್ಳುತ್ತದೆ. ಪ್ರಾಣಿಗಳಲ್ಲಿ ಬೇರೆ ಯಾರಿಗೂ ಬಾರದ ವಿದ್ಯೆಯಾದ ಸೆಲ್ಯುಲೋಸ್ ತಯಾರಿಸಿ ಅದನ್ನೇ ನಿಲುವಂಗಿಯಾಗಿ ತೊಡುತ್ತದೆ. ಅದರ ಹೃದಯ ಸ್ವಲ್ಪ ಹೊತ್ತು ರಕ್ತವನ್ನು ಒಂದು ದಿಕ್ಕಿಗೆ ತಳ್ಳಿ, ನಿಂತು, ಆಮೇಲೆ ಎದುರು ದಿಕ್ಕಿಗೆ ತಳ್ಳುತ್ತದೆ. ಇಷ್ಟೆಲ್ಲ ಮಾಡುವುದು ಹಿನ್ನಡೆಯಾದರೆ ಮುನ್ನಡೆ ಯಾವುದು?

ಪ್ರಬಂಧ ಓದಿದವರಲ್ಲಿ ಅನೇಕರು ನಂಬಲಿಲ್ಲ. ಕೊವಲೆವ್‌ಸ್ಕಿಯ ಗೆಳೆಯ, ನೇಪಲ್ಸಿನಲ್ಲೇ ಪರಿಚಯವಾದ ಇಲ್ಯಾ ಮೆಚ್ನಿಕೋವ್ ಮೊದಮೊದಲು ವಿರೋಧಿಸಿ, ಆಮೇಲೆ ಒಪ್ಪಿದ. ಜರ್ಮನಿಯ ಕುಪ್ಫರ್ ತಾನೇ ತಿತ್ತಿಯ ಮೊಟ್ಟೆಗಳನ್ನು ಪರೀಕ್ಷಿಸಿ ಸರಿಯೆಂದ. ಡಾರ್ವಿನ್ 1871ರಲ್ಲಿ ಮನುಷ್ಯನ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ಎತ್ತಿಕೊಂಡ, ಬೆನ್ನುಮೂಳೆಯವರ ಮೂಲಕ್ಕೆ ಕೊನೆಗೂ ಒಂದು ಸುಳಿವು ಸಿಕ್ಕಿತೆಂಬ ಧಾಟಿಯಲ್ಲಿ. ಫಾಕ್‌ಲ್ಯಾಂಡಿನ ತನ್ನ ಹಳೆಯ ಚಿತ್ರವನ್ನೂ ಅಡಿಟಿಪ್ಪಣಿಯಲ್ಲಿ ನೆನೆದ. 38 ವರ್ಷ ಪೆಟ್ಟಿಗೆಯಲ್ಲಿದ್ದ ಗೆರೆಗಳಿಗೆ ಅರ್ಥ ಬಂದದ್ದು ಆಗ.

ಕೊನೆಯವರೆಗೂ ಒಪ್ಪದವನು ಬೇರ್. ನೋಟೋಕಾರ್ಡನ್ನು ಲೋಕಕ್ಕೆ ತೋರಿಸಿದವನು, ಭ್ರೂಣ ನೋಡಿ ಬಳಗ ಗುರುತಿಸಬೇಕೆಂದು ಕಲಿಸಿದವನು, ಕೊವಲೆವ್‌ಸ್ಕಿಗೂ ಮೆಚ್ನಿಕೋವ್‌ಗೂ ಹಂಚಿ ಕೊಟ್ಟ ಬಹುಮಾನದಲ್ಲಿ ಹೆಸರಿರುವವನು. 1873ರಲ್ಲಿ, 81ರ ವಯಸ್ಸಿನಲ್ಲಿ, ಅದೇ ಅಕಾಡೆಮಿಯ ಸಂಪುಟದಲ್ಲಿ ಅಸಿಡಿಯನ್ ಮರಿಗೂ ಕಶೇರುಕಕ್ಕೂ ಸಂಬಂಧವಿಲ್ಲ ಎಂದು ಉದ್ದಕ್ಕೆ ವಾದಿಸಿದ. ಡಾರ್ವಿನ್‌ವಾದ ಅವನಿಗೆ ಸೇರುತ್ತಿರಲಿಲ್ಲ, ತಿತ್ತಿಯಿಂದ ಮನುಷ್ಯನವರೆಗೆ ಎಳೆ ಎಳೆಯುವವರನ್ನು ಕಂಡರೆ ಇನ್ನೂ ಸಿಟ್ಟು. ತಾನೇ ಕೊಟ್ಟ ಬೀಗದ ಕೈಯಿಂದ ಬೇರೊಬ್ಬ ಬಾಗಿಲು ತೆಗೆದಾಗ ಒಳಗೆ ಬರಲಾರೆ ಎಂದು ಹೊರಗೇ ನಿಂತ ಮುದುಕ ಅವನು. ನನಗಂತೂ ಅವನ ಮೇಲೆ ಕೋಪ ಬರುವುದಿಲ್ಲ.

ಗೋಡೆ ಬಿದ್ದ ಮೇಲೆ ಹೊಸ ಮನೆಗೆ ಹೆಸರು ಬೇಕಲ್ಲ. ಜರ್ಮನಿಯ ಹೆಕೆಲ್ 1874ರಲ್ಲಿ ಕಾರ್ಡೋನಿಯಾ ಎಂದ. 1877ರಲ್ಲಿ ಲಂಡನ್ನಿನ ರೇ ಲ್ಯಾಂಕೆಸ್ಟರ್ ಮೂರು ಕೋಣೆ ಮಾಡಿದ: ಬಾಲದಲ್ಲಿ ಮಾತ್ರ ಕೋಲಿರುವ ತಿತ್ತಿಗಳು ಯೂರೋಕಾರ್ಡಾ, ತಲೆಯ ತುದಿಯವರೆಗೂ ಕೋಲಿರುವ ಆಂಫಿಯಾಕ್ಸಸ್ ಸೆಫಾಲೋಕಾರ್ಡಾ, ತಲೆಬುರುಡೆ ಇರುವವು ಕ್ರೇನಿಯೇಟಾ. ಆದರೆ ಇಡೀ ಮನೆಗೆ ವರ್ಟಿಬ್ರೇಟಾ ಎಂದೇ ಫಲಕ ಹಾಕಿದ. ಬೆನ್ನುಮೂಳೆಯೇ ಇಲ್ಲದವರನ್ನು ಆ ಹೆಸರಿನಿಂದ ಕರೆಯುವುದು ಹೇಗೆ? ಕೇಂಬ್ರಿಜ್‌ನ ಫ್ರಾನ್ಸಿಸ್ ಬಾಲ್ಫೋರ್ ಆ ಫಲಕ ತೆಗೆದು ಕಾರ್ಡೇಟಾ ಎಂದು ಹಾಕಿ, ವರ್ಟಿಬ್ರೇಟಾ ಎಂಬುದನ್ನು ನಮ್ಮ ಕೋಣೆಗಷ್ಟೇ ಉಳಿಸಿದ. ಅವನು 1882ರಲ್ಲಿ ಆಲ್ಪ್ಸ್ ಏರುವಾಗ ಬಿದ್ದು ತೀರಿಕೊಂಡ. ಆಗ ಅವನಿಗೆ 30 ವರ್ಷ.

ಕಾರ್ಡೇಟ್ ಎನಿಸಿಕೊಳ್ಳಲು ಬೇಕಾದ ಗುರುತುಗಳಲ್ಲಿ ಎರಡನ್ನು ಆಗಲೇ ನೋಡಿದೆವು: ಕೋಲು, ಬೆನ್ನಿನ ಟೊಳ್ಳು ನರಹುರಿ. ಮೂರನೆಯದು ಗುದದ ಆಚೆಗೂ ಚಾಚುವ ಬಾಲ. ಬಾಲ ಇರುವುದು ದೊಡ್ಡದಲ್ಲ, ಕರುಳು ಮುಗಿದ ಮೇಲೂ ಮೈ ಮುಂದುವರಿಯುವುದು ವಿಶೇಷ. ಎರೆಹುಳುವಿನ ಗುದ ಇರುವುದು ಮೈಯ ತುತ್ತತುದಿಯಲ್ಲಿ. ನಾಲ್ಕನೆಯದು ಗಂಟಲಿನ ಸೀಳುಗಳು. ತಿತ್ತಿಯಲ್ಲಿ ಅವು ನೀರು ಸೋಸುವ ಜಾಲರಿ, ಮೀನಿನಲ್ಲಿ ಕಿವಿರು. ನಮ್ಮ ಭ್ರೂಣದಲ್ಲಿ ಅವು ತೆರೆಯದೆ ಮಡಿಕೆಗಳಾಗಿಯೇ ಉಳಿದು ನಡುಗಿವಿಯ ಕುಹರ, ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆಲ್ಲ ಒದಗುತ್ತವೆ. ಈ ನಾಲ್ಕೂ ಬದುಕಿನ ಯಾವುದೋ ಒಂದು ಹಂತದಲ್ಲಿ ಕಂಡರೆ ಸಾಕು, ಕೊನೆಯವರೆಗೆ ಇರಬೇಕೆಂಬ ಷರತ್ತಿಲ್ಲ. ಆ ಷರತ್ತು ಇದ್ದಿದ್ದರೆ ತಿತ್ತಿಯ ಜೊತೆ ನಾವೂ ಹೊರಗೆ.

ನಮ್ಮ ನೋಟೋಕಾರ್ಡ್ ಪೂರ್ತಿ ಹೋಗಿಯೂ ಇಲ್ಲ. ಬೆನ್ನುಮೂಳೆಯ ಮಣಿಗಳು ಅದರ ಸುತ್ತ ಬೆಳೆದು ಅದನ್ನು ಹಿಸುಕಿಬಿಡುತ್ತವೆ. ಮಣಿಮಣಿಯ ನಡುವಿನ ಮೆತ್ತೆಯಲ್ಲಿ ಮಾತ್ರ ಅದರ ಉಳಿಕೆ ಜೆಲ್ಲಿಯಂಥ ತಿರುಳಾಗಿ ನಿಲ್ಲುತ್ತದೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹೊಂಡ ಹಾರಿಸಿಕೊಂಡು ಬಂದವರು ಡಿಸ್ಕ್ ಜಾರಿದೆ ಎಂದು ಸೊಂಟ ಹಿಡಿದುಕೊಳ್ಳುತ್ತಾರಲ್ಲ, ಅಲ್ಲಿ ಹೊರಗೆ ಉಬ್ಬಿ ನರವನ್ನು ಒತ್ತುವುದು ಬಹುಪಾಲು ಆ ತಿರುಳೇ.

ಐದನೆಯ ಗುರುತೊಂದನ್ನು ಈಗ ಸೇರಿಸುತ್ತಾರೆ, ನನಗೆ ಅತ್ಯಂತ ಇಷ್ಟವಾದದ್ದು ಅದು. ತಿತ್ತಿಯ, ಆಂಫಿಯಾಕ್ಸಸ್ಸಿನ ಗಂಟಲಿನ ತಳದಲ್ಲಿ ಎಂಡೋಸ್ಟೈಲ್ ಎಂಬ ಕಾಲುವೆ ಇದೆ. ಅದು ಸುರಿಸುವ ಲೋಳೆಗೆ ನೀರಿನಲ್ಲಿನ ಆಹಾರದ ಕಣ ಅಂಟುತ್ತದೆ. ಆ ಕಾಲುವೆಯ ಒಂದಷ್ಟು ಕೋಶಗಳು ಕಡಲ ನೀರಿನ ಅಯೋಡಿನ್ನನ್ನೂ ಹಿಡಿದಿಡುತ್ತವೆ. ಲ್ಯಾಂಪ್ರಿ ಎಂಬ ದವಡೆಯಿಲ್ಲದ ಮೀನಿನ ಮರಿಯಲ್ಲೂ ಇದೇ ಕಾಲುವೆ ಇದೆ. ಮರಿ ಬೆಳೆದು ರೂಪ ಬದಲಿಸುವಾಗ ಅದು ಕಣ್ಣೆದುರೇ ಥೈರಾಯ್ಡ್ ಗ್ರಂಥಿಯಾಗುತ್ತದೆ. ಗಳಗಂಡ ಬಾರದಿರಲೆಂದು ನಾವು ಅಂಗಡಿಯಿಂದ ತರುವ ಉಪ್ಪಿನ ಪೊಟ್ಟಣದ ಮೇಲೆ ಅಯೋಡಿನ್ ಎಂದು ಬರೆದಿರುತ್ತದಲ್ಲ, ಆ ಹಸಿವು ಅಷ್ಟು ಹಳೆಯದು.

ಹೊಸ ಮನೆಗೆ ಕೆಲವರು ತಪ್ಪಿ ಬಂದು ಹೋದದ್ದೂ ಉಂಟು. ಮರಳಿನಲ್ಲಿ ಬಿಲ ತೋಡುವ ಬ್ಯಾಲನೋಗ್ಲಾಸಸ್ ಎಂಬ ಹುಳುವಿಗೆ ಗಂಟಲಿನ ಸೀಳುಗಳಿವೆ ಎಂದು ತೋರಿಸಿದವನೂ ಕೊವಲೆವ್‌ಸ್ಕಿಯೇ, 1866ರಲ್ಲೇ. ಬಾಲ್ಫೋರನ ಶಿಷ್ಯ ವಿಲಿಯಂ ಬೇಟ್ಸನ್ ಅಮೆರಿಕದ ಪೂರ್ವ ಕರಾವಳಿಯಲ್ಲಿ ಅದರ ಬೆನ್ನು ಹತ್ತಿ, ಮೂತಿಯೊಳಗಿನ ಒಂದು ಚಿಕ್ಕ ಮೊಳಕೆಯನ್ನು ನೋಟೋಕಾರ್ಡ್ ಎಂದು ತಿಳಿದು, 1885ರಲ್ಲಿ ಅರೆಕಾರ್ಡೇಟ್ ಎಂಬರ್ಥದ ಹೆಮಿಕಾರ್ಡೇಟಾ ಎಂಬ ಹೆಸರು ಕೊಟ್ಟು ಮನೆಯೊಳಗೆ ಕರೆತಂದ. ಸೀಳುಗಳು ನಿಜ, ಕೋಲು ಸುಳ್ಳು. ಈಗ ಅದು ಬೇರೆಯೇ ವಂಶ, ನಕ್ಷತ್ರಮೀನಿನ ನೆಂಟ. ಬೇಟ್ಸನ್ನನಿಗೂ ಈ ವಂಶಾವಳಿಯ ಆಟ ಬೇಸರವಾಗಿ ಆನುವಂಶಿಕತೆಯ ಕಡೆ ತಿರುಗಿದ. ಜೆನೆಟಿಕ್ಸ್ ಎಂಬ ಪದ ಅವನ ಕೊಡುಗೆ. ಇನ್ನು ಮನೆಯವರೇ ಆಗಿದ್ದೂ ಹೊರಗೆ ನಿಂತಿದ್ದದ್ದು ಹ್ಯಾಗ್‌ಫಿಶ್. ಬೆರಳು ತಾಕಿದರೆ ಬಕೆಟ್ಟುಗಟ್ಟಲೆ ಲೋಳೆ ಸುರಿಸುವ ಅದನ್ನು ಲಿನೇಯಸ್ 1758ರಲ್ಲಿ ಹುಳುಗಳ ಪಟ್ಟಿಗೆ ಸೇರಿಸಿದ್ದ. ಮಿಕ್ಕಂತೆ ನಮ್ಮ ಕೋಣೆಯಲ್ಲಿ ದವಡೆಯಿಲ್ಲದ ಮೀನು, ಮೃದ್ವಸ್ಥಿ ಮೀನು, ಮೂಳೆ ಮೀನು, ಉಭಯವಾಸಿ, ಸರೀಸೃಪ, ಹಕ್ಕಿ, ಸಸ್ತನಿ, ಇವನ್ನು ಯಾವ ಪಠ್ಯಪುಸ್ತಕವೂ ಹೇಳುತ್ತದೆ.

ಕಲ್ಲಿನಲ್ಲೂ ಇದೇ ಎಡವಟ್ಟು ನಡೆಯಿತು. ಕೆನಡಾದ ಬರ್ಜೆಸ್ ಶೇಲಿನಲ್ಲಿ ಸಿಕ್ಕ, ಸುಮಾರು 50 ಕೋಟಿ ವರ್ಷ ಹಳೆಯ, ಐದು ಸೆಂಟಿಮೀಟರಿನಷ್ಟು ಉದ್ದದ ಒಂದು ಪಳೆಯುಳಿಕೆಗೆ ಚಾರ್ಲ್ಸ್ ವಾಲ್ಕಾಟ್ 1911ರಲ್ಲಿ ಪಿಕಾಯಾ ಎಂದು ಹೆಸರಿಟ್ಟು ಎರೆಹುಳುವಿನ ಕಡೆಯದು ಎಂದ. 1970ರ ದಶಕದಲ್ಲಿ ಸೈಮನ್ ಕಾನ್ವೇ ಮಾರಿಸ್ ಅದರ ಮೈಯ ಸ್ನಾಯುಪಟ್ಟೆಗಳನ್ನು ನೋಡಿ ಇದು ಕಾರ್ಡೇಟ್ ಎಂದ. 2024ರಲ್ಲಿ ಇನ್ನೊಂದು ತಂಡ ಅದೇ ಕಲ್ಲುಗಳನ್ನು ನೋಡಿ, ಇಷ್ಟು ದಿನ ನೀವು ಇದನ್ನು ತಲೆಕೆಳಗಾಗಿ ನೋಡುತ್ತಿದ್ದೀರಿ, ಬೆನ್ನೆಂದದ್ದು ಹೊಟ್ಟೆ, ಹೊಟ್ಟೆಯೆಂದದ್ದು ಬೆನ್ನು ಎಂದು ವಾದಿಸಿತು.

ಕೊವಲೆವ್‌ಸ್ಕಿ 1901ರಲ್ಲಿ ತೀರಿಕೊಂಡ. ಅವನ ನಂತರ ನೂರು ವರ್ಷ ಹೆಚ್ಚಿನವರು ಒಂದು ವಿಷಯದಲ್ಲಿ ಒಮ್ಮತದಿಂದಿದ್ದರು: ತಿತ್ತಿ ದೂರದ ನೆಂಟ, ಮೀನಿನ ಹಾಗೆ ಕಾಣುವ ಆಂಫಿಯಾಕ್ಸಸ್ ಹತ್ತಿರದ ನೆಂಟ. ಮತ್ತೆ ಬೆಳೆದ ಮೈಯನ್ನು ನೋಡಿಯೇ ಹೇಳಿದ ಮಾತು. 2002ರಲ್ಲಿ ಸಿಯೋನಾದ ಜೀನೋಮು ಓದಿದ್ದಾಯಿತು. 2006ರಲ್ಲಿ ಫ್ರೆಡೆರಿಕ್ ಡೆಲ್ಸುಕ್ ಮತ್ತು ಜೊತೆಗಾರರು ನೂರಕ್ಕೂ ಹೆಚ್ಚು ವಂಶವಾಹಿಗಳನ್ನು ಹೋಲಿಸಿ ನೋಡಿದರು. ನಮಗೆ ಹತ್ತಿರದವನು ಆಂಫಿಯಾಕ್ಸಸ್ ಅಲ್ಲ, ತಿತ್ತಿ. ಬಂದರಿನಲ್ಲಿ ದೋಣಿಯ ತಳ ಕೆರೆದು ಎಸೆಯುವ ಆ ಚೀಲ. ಎರಡು ವರ್ಷದ ಮೇಲೆ ಆಂಫಿಯಾಕ್ಸಸ್ಸಿನ ಜೀನೋಮು ಬಂದಾಗಲೂ ಅದೇ ಉತ್ತರ.

ಪಠ್ಯಪುಸ್ತಕಗಳಲ್ಲಿ ಮಾತ್ರ ಹಳೆಯ ಸಾಲೇ ಇದೆ: ಮೊದಲು ಯೂರೋಕಾರ್ಡೇಟಾ, ನಡುವೆ ಸೆಫಾಲೋಕಾರ್ಡೇಟಾ, ಕೊನೆಗೆ ವರ್ಟಿಬ್ರೇಟಾ. ಮಕ್ಕಳು ಆ ಸಾಲನ್ನು ಏಣಿಯ ಮೆಟ್ಟಿಲೆಂದು ಓದಿಕೊಂಡು, ಆಂಫಿಯಾಕ್ಸಸ್ಸಿನ ಚಿತ್ರವನ್ನು ಮೀನಿನ ಪಕ್ಕದಲ್ಲಿ ನೀಟಾಗಿ ಬಿಡಿಸಿ ಬಣ್ಣ ತುಂಬುತ್ತಾರೆ.